ಗೌಂಡಿಯ ಕಿವಿ ಮತ್ತು ಹದಿನೈದು ಪಾವಟಿಗೆ

ಮನುಷ್ಯನ ವಯಸ್ಸನ್ನು ಅವನ ಕೂದಲಿನಲ್ಲಿ ಹುಡುಕುವವರು ದಡ್ಡರು. ಕೂದಲಿಗೆ ಬಣ್ಣ ಸಿಗುತ್ತದೆ, ಹಲ್ಲಿಗೆ ಸೆಟ್ಟು ಸಿಗುತ್ತದೆ, ಕಾಗದದಲ್ಲಿರುವ ಜನ್ಮದಿನಾಂಕವಂತೂ ನಮ್ಮ ಕಾಲದವರ ಮಟ್ಟಿಗೆ ಸಾಲಿ ಮಾಸ್ತರರಿಗೆ ಆ ಹೊತ್ತಿನಲ್ಲಿ ಹೊಳೆದ ಒಂದು ಕಲ್ಪನೆ. ನಿಜವಾದ ವಯಸ್ಸು ತಿಳಿಯಬೇಕಾದರೆ ಮನುಷ್ಯನನ್ನು ನಾಲ್ಕು ಪಾವಟಿಗೆಗಳ ಎದುರು ತಂದು ನಿಲ್ಲಿಸಬೇಕು. ಎರಡೆರಡು ಹಾರಿ ಹೋದರೆ ಇಪ್ಪತ್ತು. ಫೋನು ನೋಡುತ್ತ ಹತ್ತಿದರೆ ನಲವತ್ತು. ಹತ್ತುವ ಮೊದಲು ಹಿಡಿಯಲು ಏನಿದೆ ಎಂದು ಗೋಡೆಯ ಕಡೆ ಕಣ್ಣು ಹಾಯಿಸಿದರೆ ಅರವತ್ತು ದಾಟಿತು. ನಾನು ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೇನೆ. ಎಷ್ಟು ಚಂದ ಕಟ್ಟಿದ್ದಾರೆ, ಕಲ್ಲು ಎಲ್ಲಿಂದ ತರಿಸಿದಿರಿ, ಯಾರು ಗೌಂಡಿ ಎಂದು ಪಾವಟಿಗೆಗಳನ್ನು ಹೊಗಳುತ್ತ ಕೆಳಗೇ ನಿಂತುಬಿಡುತ್ತೇನೆ. ಹೊಗಳಿಕೆ ಮುಗಿಯುವಷ್ಟರಲ್ಲಿ ನೋಡಬೇಕಾದವರು ತಾವೇ ಇಳಿದು ಬಂದಿರುತ್ತಾರೆ.

ಪಾವಟಿಗೆ ಎಂಬುದು ನನ್ನ ತವರಿನ ಮಾತು. ಔರಾದ ತಾಲ್ಲೂಕಿನ ಠಾಣಾ ಕುಶನೂರದಲ್ಲಿ ಹುಟ್ಟಿ, ಅಲ್ಲಿಯ ಸಾಲಿಯಲ್ಲಿ ಮೂರನೆಯ ಇಯತ್ತೆಯವರೆಗೆ ಕೂತೆದ್ದವಳು ನಾನು. ಭಾಲ್ಕಿಗೆ ಮದುವೆಯಾಗಿ ಹೋದಾಗ ಅರ್ಧ ಮರಾಠಿ ಆಡುವ ಅತ್ತೆಯ ಬಾಯಲ್ಲಿ ಅದು ಪಾಯರಿ ಆಯಿತು. ಬೀದರಿಗೆ ಬಂದ ಮೇಲೆ ಮನೆ ಕಟ್ಟುವ ಗೌಂಡಿ ಅದನ್ನು ಸೀಡಿ ಎಂದ, ಮಗ ಸ್ಟೇರ್‌ಕೇಸ್ ಎಂದ, ಮಠದಲ್ಲಿ ಪ್ರವಚನ ಹೇಳುವವರು ಸೋಪಾನ ಎಂದರು. ಹೆಸರು ಎಷ್ಟೇ ಸುಸಂಸ್ಕೃತವಾದರೂ ಮಂಡಿಗೆ ಅದು ತಿಳಿಯುವುದಿಲ್ಲ. ಮಂಡಿ ಓದಬಲ್ಲದ್ದು ಇಂಚನ್ನು ಮಾತ್ರ, ಆ ಒಂದು ವಿಷಯದಲ್ಲಿ ಅದು ಮಹಾಪಂಡಿತ.

ಕುಶನೂರದ ನಮ್ಮ ಮನೆಯಲ್ಲಿ ಮಾಳಿಗೆ ಹತ್ತಲು ಒಂದು ನಿಚ್ಚಣಿಕೆ ಇತ್ತು. ತೊಗರಿ ಒಣಹಾಕಲು, ಕಾಗೆ ಓಡಿಸಲು, ಯಾರ ಮನೆಗೆ ಯಾರು ಬಂದರೆಂದು ನೋಡಲು ಮಾಳಿಗೆಯಷ್ಟು ಒಳ್ಳೆಯ ಜಾಗ ಊರಲ್ಲಿ ಇರಲಿಲ್ಲ. ಆದರೆ ನಿಚ್ಚಣಿಕೆ ಒರಗಿದ್ದು ನಮ್ಮಪ್ಪ ಮಲಗುವ ಹೊರಸಿನ ತಲೆದೆಸೆಗೆ. ಮೇಲೆ ಹೋಗಬೇಕೆಂದರೆ ಅಪ್ಪನ ಕೆಮ್ಮನ್ನು ದಾಟಿ ಹೋಗಬೇಕು, ಮತ್ತು ಹೆಣ್ಣುಮಕ್ಕಳು ಹತ್ತುವಾಗ ಆ ಕೆಮ್ಮು ಜೋರಾಗುತ್ತಿತ್ತು. ಭಾಲ್ಕಿಯ ಮನೆಯ ಪಾವಟಿಗೆಗಳು ಗೋಡೆಯ ಹೊಟ್ಟೆಯೊಳಗೆ ಇದ್ದವು. ಕತ್ತಲು, ಕಡಿದು, ಮೇಲೆ ತಲೆಗೆ ತಾಗುವ ತೊಲೆ. ಕಳ್ಳ ಬಂದರೆ ತಲೆ ಬಡಿಸಿಕೊಳ್ಳಲಿ ಎಂದು ಹಿರಿಯರು ಬೇಕೆಂದೇ ಹಾಗೆ ಕಟ್ಟಿಸಿದ್ದರಂತೆ. ಮೂವತ್ತು ವರ್ಷ ಆ ಮನೆಯಲ್ಲಿದ್ದೆ. ಕಳ್ಳನೊಬ್ಬ ತಲೆ ಬಡಿಸಿಕೊಂಡದ್ದನ್ನು ಕಾಣಲಿಲ್ಲ, ಜೋಳದ ಬುಟ್ಟಿ ಹೊತ್ತ ಸೊಸೆಯರು ನಾವು ವಾರಕ್ಕೊಮ್ಮೆ ಬಡಿಸಿಕೊಂಡೆವು. ಆ ಪಾವಟಿಗೆಯ ಬುಡದಲ್ಲಿ ಅತ್ತೆ ಮೊರದಲ್ಲಿ ಬ್ಯಾಳಿ ಹಸನು ಮಾಡುತ್ತ ಕೂತಿರುತ್ತಿದ್ದರು. ಅವರು ತಲೆ ಎತ್ತದೆ ಬರೀ ಕಾಲಿನ ಬೆರಳು ನೋಡಿ, ಯಾವ ಸೊಸೆ ಎಷ್ಟನೆಯ ಸಲ ಮೇಲೆ ಹೋದಳೆಂದು ಹೇಳಬಲ್ಲವರಾಗಿದ್ದರು.

ಈಗ ಇರುವುದು ಬೀದರಿನ ಮೈಲೂರಿನಲ್ಲಿ, ಮಗ ಧನರಾಜನ ಮನೆಯಲ್ಲಿ. ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು. ಮಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ, ಸೊಸೆ ಸವಿತಾ ದವಾಖಾನೆಯೊಂದರಲ್ಲಿ ನರ್ಸು. ಇಬ್ಬರೂ ಒಳ್ಳೆಯವರೇ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾಡಿ ಹೊರಗೆ ಹೋಗಬಹುದಿತ್ತು. ನನ್ನ ಖೋಲಿಯ ಬಾಗಿಲು ಹಾಲಿಗೆ ತೆರೆಯುತ್ತದೆ, ಹಾಲಿನಲ್ಲಿ ಸೋಫಾ ಇದೆ, ಸೋಫಾದ ಮೇಲೆ ಸದಾ ಒಬ್ಬರು ಒಳ್ಳೆಯವರು ಇರುತ್ತಾರೆ.

"ಎಲ್ಲಿಗಿ ಹೊಂಟಿ ಅವ್ವಾ?"

"ಗುಡಿಗಿ."

ಗುಡಿ ಎಂದರೆ ಮೂಲೆಯ ಅಂಗಡಿಯ ತಂಬಾಕು, ಮತ್ತು ಅದರ ಎದುರಿನ ಬೇವಿನಕಟ್ಟೆಯ ಮೇಲೆ ನನ್ನಂಥ ಇನ್ನಿಬ್ಬರು ಮುದುಕಿಯರೊಡನೆ ಓಣಿಯ ಚಾರಿತ್ರ್ಯವನ್ನು ಬಿಡಿಸಿ ಹರವಿ ಒಣಗಿಸುವುದು. ನಾನು ಹೇಳಿಹೋದಷ್ಟು ಸಲ ದೇವರ ದರ್ಶನಕ್ಕೆ ಹೋಗಿದ್ದರೆ ಇಷ್ಟು ಹೊತ್ತಿಗೆ ನನಗೆ ಮೋಕ್ಷ ಸಿಕ್ಕು ಈ ಪ್ರಬಂಧ ಬರೆಯುವ ಕಷ್ಟವೇ ಇರುತ್ತಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ಎಪ್ಪತ್ತೊಂದು ವರ್ಷದಲ್ಲಿ ಅಪ್ಪನ ಹೊರಸು, ಅತ್ತೆಯ ಮೊರ, ಮಗನ ಸೋಫಾ, ಈ ಮೂರರ ಎದುರು ಹಾಯದೆ ಹೊರಬೀಳುವ ಒಂದು ಬಾಗಿಲೂ ನನಗೆ ಸಿಗಲಿಲ್ಲವೆಂಬುದು ಒಂದು ದಿನ ತಲೆಗೆ ಬಂತು. ಬಂದದ್ದು ಮತ್ತೆ ಹೋಗಲಿಲ್ಲ.

ತಲೆಗೆ ಬರಲು ಕಾರಣ ಕಾರು. ಧನರಾಜ ಒಂದು ಹಳೆಯ ಕಾರು ಕೊಂಡ. ತಿಂಗಳಿಗೊಮ್ಮೆ ಅದು ಭಾಲ್ಕಿಗೆ, ಅವನ ಅತ್ತೆಯ ಮನೆಗೆ ಹೋಗಿ ಬರುತ್ತದೆ. ಉಳಿದ ದಿನ ಹೊದ್ದು ಮಲಗುತ್ತದೆ. ಅದಕ್ಕೆ ಬಿಸಿಲು ತಾಗಬಾರದೆಂದು ಅಂಗಳದ ಮಗ್ಗುಲಲ್ಲಿ ಗ್ಯಾರೇಜು ಎದ್ದಿತು. ಗ್ಯಾರೇಜಿನ ಮೇಲೆ ಸ್ಲ್ಯಾಬು ಹಾಕಿಯೇ ಹಾಕುತ್ತೀರಿ, ಅದರ ಮೇಲೆ ಇನ್ನು ನಾಲ್ಕು ಗೋಡೆ ಎಬ್ಬಿಸಿದರೆ ಏನು ಕಷ್ಟ ಎಂದು ಯಾರೋ ಹೇಳಿದರು, ಎಬ್ಬಿಸಿದರು. ಹೀಗೆ ಕಾರಿನ ನೆತ್ತಿಯ ಮೇಲೆ ಒಂದು ಖೋಲಿ ಆಯಿತು: ಎರಡು ಕಿಟಕಿ, ಒಂದು ಮೂಲೆಗೆ ಸಂಡಾಸು, ನಳ, ಬೀದಿಯ ಕಡೆ ಬಾಗಿಲು. ಗೋಡೆಗೆ ಗಿಲಾವು ಬಳಿದವರು ಏಣಿ ಇಟ್ಟು ಹತ್ತಿ ಇಳಿದರು, ಹೋಗುವಾಗ ಏಣಿಯನ್ನೂ ಒಯ್ದರು. ಒಂದು ವರ್ಷ ಆ ಬಾಗಿಲು ಗಾಳಿಯಲ್ಲಿ ನಿಂತಿತ್ತು. ನಮ್ಮ ಬೀದರಿನಲ್ಲಿ ಇಂಥ ಬಾಗಿಲುಗಳು ಓಣಿಗೆರಡರಂತೆ ಸಿಗುತ್ತವೆ. ನೌಬಾದದ ಕಡೆ ಹೊಸ ಮನೆಗಳ ಸಾಲಿನಲ್ಲಿ ಹೋದರೆ, ತೆರೆದು ಒಂದು ಹೆಜ್ಜೆ ಇಟ್ಟರೆ ನೇರ ಸ್ವರ್ಗಕ್ಕೆ ಹೋಗುವಂಥ ಬಾಗಿಲುಗಳು ಎಷ್ಟೋ. ಉಳಿದವರಿಗೆ ಅದು ಅರ್ಧಕ್ಕೆ ನಿಂತ ಕೆಲಸ. ನಾನು ಅಂಗಳದಲ್ಲಿ ಕೂತು ಅದನ್ನು ನೋಡಿ ನೋಡಿ, ಇದು ಯಾರ ಸೋಫಾಕ್ಕೂ ತೆರೆಯದ ಬಾಗಿಲು ಎಂದು ಗುರುತು ಹಚ್ಚಿದೆ.

"ಆ ಖೋಲಿ ನನಗ ಬೇಕು," ಎಂದೆ ಒಂದು ಮುಂಜಾನೆ, ಎಲ್ಲರೂ ನಾಷ್ಟಾಕ್ಕೆ ಕೂತಾಗ.

ಧನರಾಜನ ಕೈಯಲ್ಲಿದ್ದ ಸುಸಲಾ ಬಾಯಿಗೆ ಹೋಗಲಿಲ್ಲ. "ಅದನ್ನ ಬಾಡಿಗಿಗಿ ಕೊಡಬೇಕಂತ ಮಾಡೀನವ್ವಾ. ನಮ್ಮ ಸಾಲಿಗಿ ಹೊಸ ಮಾಸ್ತರು ಬಂದಾರ, ಅವರು ಕೇಳ್ಯಾರ. ಬೇಕಂದ್ರ ಅಡಗಿ ಮನಿ ಗ್ವಾಡಿ ಒಡದು ಒಳಗಿಂದ ಸ್ಟೇರ್‌ಕೇಸ್ ಮಾಡಸ್ತೇನಿ, ನೀ ಮ್ಯಾಲ ಕೂಡಬಹುದು."

"ಒಳಗಿಂದ ಅಂದ್ರ ಮತ್ತ ನಿನ್ನ ಕಣ್ಣ ಮುಂದs ಹೋಗಬೇಕು."

"ಅದರಾಗೇನು ತಪ್ಪು?"

"ತಪ್ಪಿಲ್ಲಪ್ಪಾ. ಹೊರಗ ಪಾವಟಿಗಿ ಕಟ್ಟಸು."

"ಹೊರಗಿಂದ ಒಂದಿನ ಜಾರಿ ಬಿದ್ರ? ನಿನ್ನ ಮಂಡಿ?"

ಇಲ್ಲಿ ನಾನು ತಪ್ಪು ಮಾಡಿದೆ. ಮಂಡಿ ನೋಯುತ್ತಿದ್ದುದು ಎರಡು ವರ್ಷದಿಂದ. ನಮಸ್ಕಾರಕ್ಕೆ ಬಗ್ಗಿದರೆ ಏಳುವಾಗ ಕಟಕಟ ಎನ್ನುವ ಸದ್ದನ್ನು ಗಂಟೆ ಬಾರಿಸಿ ಮುಚ್ಚುತ್ತಿದ್ದೆ. ಆದರೆ ಮಂಡಿ ನೋಯುತ್ತದೆ ಎಂದು ಒಮ್ಮೆ ಬಾಯಿಬಿಟ್ಟರೆ ನನ್ನ ಹಾಸಿಗೆ ಸೋಫಾದ ಇನ್ನೂ ಹತ್ತಿರಕ್ಕೆ ಬರುತ್ತಿತ್ತು. ಅದಕ್ಕೆ ಬೆನ್ನು ನೆಟ್ಟಗೆ ಮಾಡಿ ಹೇಳಿದೆ: "ನನ್ನ ಮಂಡಿ ನಿನಗಿಂತ ಗಟ್ಟಿ ಅದಾವ. ಪಾವಟಿಗಿ ಮುಗದ ದಿನ ಯಾರ ಕೈನೂ ಹಿಡೀದs ಹತ್ತಿ ಇಳದು ತೋರಸ್ತೇನಿ. ಆಗಲಿಲ್ಲಂದ್ರ ಖೋಲಿ ನಿನ್ನ ಮಾಸ್ತರಿಗಿ ಕೊಡು, ನಾ ತುಟಿ ಪಿಟಕ್ ಅನ್ನಲ್ಲ."

ಗಣಿತದ ಮಾಸ್ತರನಿಗೆ ಷರತ್ತು ಕಂಡರೆ ಪ್ರಮೇಯ ಕಂಡಷ್ಟು ಸಂತೋಷ. ಒಪ್ಪಿದ. ಸವಿತಾ ನನ್ನ ಮಂಡಿಯನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಚಹಾ ಸೋಸಿದಳು.

ಗೌಂಡಿ ಇಸ್ಮಾಯಿಲ್ ಭಾಯಿ ಓಣಿಗೆಲ್ಲ ಬೇಕಾದ ಮನುಷ್ಯ. ಕೆಲಸ ನೆಟ್ಟಗೆ, ಮಾತು ಸಕ್ಕರೆ. ಅವನ ಒಂದೇ ದುರ್ಗುಣವೆಂದರೆ ಯಾರಿಗೂ ಇಲ್ಲ ಎನ್ನಲಾರ. ಯಾರು ಏನು ಹೇಳಿದರೂ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಹಲಗೆಯ ತುಂಡಿನ ಮೇಲೆ ಒಂದು ಗೀಟು ಎಳೆದು "ಹೋಗ್ಲಿ ಬಿಡ್ರಿ, ಮಾಡೋಣು" ಎನ್ನುತ್ತಾನೆ. ಅವನು ಅಳತೆ ಹಿಡಿದ. ನೆಲದಿಂದ ಖೋಲಿಯ ಹೊಸ್ತಿಲಿಗೆ ಒಂಬತ್ತು ಫೂಟು. ಗ್ಯಾರೇಜಿನ ಗೋಡೆಗೆ ಹತ್ತಿ ಕೆಂಪು ಕಲ್ಲು ಕಟ್ಟುತ್ತ ಏರುವುದು, ಪ್ರತಿ ಪಾವಟಿಗೆಯ ಮೇಲೆ ಶಾಬಾದಿ ಕಲ್ಲಿನ ಪರಸಿ ಹಾಸುವುದು, ಹೊರಮಗ್ಗುಲಿಗೆ ಕಬ್ಬಿಣದ ಪೈಪು. ಧನರಾಜ ಕಾಗದದ ಮೇಲೆ ಲೆಕ್ಕ ಹಾಕಿ ಹದಿನೈದು ಪಾವಟಿಗೆ, ಒಂದೊಂದು ಏಳು ಇಂಚಿನ ಮೇಲೆ ಚೂರು ಎಂದು ತೀರ್ಮಾನಿಸಿದ. ಹದಿನೈದರ ಮೇಲೆ ಒಂದೂ ಕೂಡದು, ಏಕೆಂದರೆ ಹದಿನೈದಕ್ಕೆ ಕಂಪೌಂಡ್ ಗೋಡೆ ಬರುತ್ತದೆ. ಮೂಲೆ ತಿರುಗಿಸಿದರೆ ಅವನ ಸ್ಕೂಟರ್ ನಿಲ್ಲುವ ಜಾಗ ಹೋಗುತ್ತದೆ.

ಅಷ್ಟರಲ್ಲಿ ಭಾಲ್ಕಿಯಿಂದ ನಮ್ಮ ಬೀಗತಿ, ಅಂದರೆ ಸವಿತಾಳ ತಾಯಿ ಕಮಳಾಬಾಯಿ ಬಂದರು. ಅವರ ಊರಿನಲ್ಲಿ ಒಂದು ಪಾವಟಿಗೆಯನ್ನೂ ಅವರು ಎಣಿಸದೆ ಬಿಟ್ಟಿಲ್ಲ. ಎಣಿಸುವ ರೀತಿ ಹೀಗೆ: ಮೊದಲನೆಯದು ಲಾಭ, ಎರಡನೆಯದು ಹಾನಿ, ಮೂರನೆಯದು ಲಾಭ. ಕೊನೆಯ ಹೆಜ್ಜೆ ಲಾಭಕ್ಕೆ ಬೀಳಬೇಕು, ಬಲಗಾಲಿನಿಂದ ಶುರುವಾಗಿ ಬಲಗಾಲಿನಿಂದ ಹೊಸ್ತಿಲು ದಾಟಬೇಕು. ಹಾನಿಗೆ ಬಿದ್ದರೆ ಮನೆ ಹಾಳು. ನಾನು ಕುಶನೂರದಿಂದ ಇಲ್ಲಿಯವರೆಗೆ ಲಾಭದ ಪಾವಟಿಗೆ ಇದ್ದ ಮನೆಗಳು ಮುಳುಗಿದ್ದನ್ನೂ ಹಾನಿಯ ಮನೆಗಳಲ್ಲಿ ಹೋಳಿಗೆ ಬೇಯುತ್ತಿದ್ದುದನ್ನೂ ನೋಡಿದ್ದೇನೆ.

"ಎಷ್ಟರೀ ಅಕ್ಕಾರ?" ಎಂದು ಕೇಳಿದರು.

"ಹದಿನೈದು."

"ಬೆಸ ಅದ. ಪಾಡಾಯ್ತು," ಎಂದು ಕಮಳಾಬಾಯಿ ಚಹಾ ಕುಡಿದರು. ಆಮೇಲೆ ಸೆರಗು ಹೊದ್ದು, ಗೌಂಡಿಯ ಕಡೆ ಹೋಗಿ ಬಹಳ ಹೊತ್ತು ನಿಂತರು.

ನಾನೂ ನಿಂತೆ, ಸುಳ್ಳೇಕೆ ಹೇಳಲಿ. ಬೀಗತಿ ಊರಿಗೆ ಹೋದ ಮರುದಿನ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಗೌಂಡಿಗೆ ನೀರು ಕೊಡುವ ನೆವದಲ್ಲಿ ಹೋಗಿ ದನಿ ತಗ್ಗಿಸಿದೆ.

"ಇಸ್ಮಾಯಿಲ್ ಭಾಯಿ, ಏಳಿಂಚು ಭಾಳ ಆಗ್ತದ. ಆರು ಮಾಡ್ರಿ. ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ."

"ಹೋಗ್ಲಿ ಬಿಡ್ರಿ ಅಮ್ಮಾ, ಮಾಡೋಣು," ಎಂದು ಗೀಟು ಎಳೆದ.

ಮೊದಲ ಕಲ್ಲು ಕೂಡಿಸಿದಾಗ ಬಟ್ಟೆ ಒಣಹಾಕುವವಳಂತೆ ಹೋಗಿ ಗೇಣಿನಲ್ಲಿ ಅಳೆದೆ. ಆರೇ ಇಂಚು. ಎರಡನೆಯದೂ ಆರು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಜಗತ್ತಿನಲ್ಲಿ ಎತ್ತರವನ್ನು ನಿರ್ಧರಿಸುವವರು ಯಾವಾಗಲೂ ಗಟ್ಟಿ ಮಂಡಿಯವರು, ಅಥವಾ ತಮ್ಮ ಮಂಡಿಯನ್ನು ಬಳಸಬೇಕಾಗಿಲ್ಲದವರು. ನಮ್ಮ ಬೀದರಿನ ಕಿಲ್ಲೆಯ ಪಾವಟಿಗೆಗಳನ್ನೇ ನೋಡಿ. ಒಂದೊಂದೂ ಮೊಳಕಾಲಿನ ಎತ್ತರ. ಅವನ್ನು ಕಟ್ಟಿಸಿದ ಸುಲ್ತಾನರು ಪಲ್ಲಕ್ಕಿಯಲ್ಲಿ ಕೂತು ಹತ್ತಿದವರಿರಬೇಕು. ಔರಾದಕ್ಕೆ ಹೋಗುವ ಬಸ್ಸಿನ ಮೊದಲ ಮೆಟ್ಟಿಲು ಮಾಡಿದವನಿಗೆ ತಾಯಿಯೇ ಇರಲಿಲ್ಲವೆಂದು ನನ್ನ ಅನುಮಾನ. ನನ್ನ ಎಪ್ಪತ್ತೊಂದು ವರ್ಷದಲ್ಲಿ ಒಂದು ಎತ್ತರವನ್ನು ನಾನೇ ಹೇಳಿ ಮಾಡಿಸಿದ್ದು ಇದೇ ಮೊದಲು.

ಏಳು ಪಾವಟಿಗೆಗಳಾದಾಗ ಎಳ್ಳಮಾವಾಸ್ಯೆ ಬಂತು. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಂಡು, ತಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದು ಬರಲು ಕುಶನೂರಕ್ಕೆ ಹೋದೆ. ಹೋಗದಿದ್ದರೆ ಈ ಕಥೆಯೇ ಆಗುತ್ತಿರಲಿಲ್ಲ. ತಿರುಗಿ ಬಂದಾಗ ಪಾವಟಿಗೆ ಬಾಗಿಲಿಗೆ ಮುಟ್ಟಿತ್ತು, ಮೇಲೆಲ್ಲ ಗೋಣಿಚೀಲ ಹಾಸಿ ನೀರು ಬಿಟ್ಟಿದ್ದರು. ಗೋಣಿಚೀಲದ ಕೆಳಗೆ ಏನಿದೆಯೆಂದು ನಾನು ಎತ್ತಿ ನೋಡಲಿಲ್ಲ. ನಾನು ಹೇಳಿದ್ದೆನಲ್ಲ, ಆರೇ ಇಂಚು ಇರುತ್ತದೆ ಎಂಬ ಸೊಕ್ಕು.

ಆದಿತ್ಯವಾರ ಮುಂಜಾನೆ ಮುಹೂರ್ತ. ಕಮಳಾಬಾಯಿ ತೆಂಗಿನಕಾಯಿ ಹಿಡಿದು ಬಂದರು. ಇಸ್ಮಾಯಿಲ್ ಭಾಯಿಯನ್ನೂ ಕರೆದಿದ್ದೆವು, ಹೊಸ ಅಂಗಿ ಹಾಕಿಕೊಂಡು ಬಂದ. ಕಾಯಿ ಒಡೆದು, ಕುಂಕುಮ ಹಚ್ಚಿ, ಗೋಣಿಚೀಲ ತೆಗೆದದ್ದಾಯಿತು. ಬಿಸಿಲು ಕಣ್ಣಿಗೆ ನೇರ ಹೊಡೆಯುತ್ತಿತ್ತು. ಕೆಳಗಿನಿಂದ ನೋಡಿದರೆ ಎಲ್ಲ ಒಂದೇ ಕೆಂಪು ಏರು. ಧನರಾಜ ಕೈ ಕಟ್ಟಿ ಪರೀಕ್ಷಕನಂತೆ ನಿಂತ.

"ಬಲಗಾಲು ಇಡ್ರಿ ಅಕ್ಕಾರ," ಎಂದರು ಕಮಳಾಬಾಯಿ.

ಇಟ್ಟೆ. ಲಾಭ, ಹಾನಿ, ಲಾಭ ಎಂದು ಅವರು ಕೆಳಗೆ ಮಂತ್ರದಂತೆ ಎಣಿಸುತ್ತಿದ್ದರು, ನಾನು ಪೈಪು ಹಿಡಿದು ಏರುತ್ತಿದ್ದೆ. ಪೈಪು ಯಾರ ಕೈಯೂ ಅಲ್ಲವಾದ್ದರಿಂದ ಅದು ಷರತ್ತಿಗೆ ಬಾಧಕವಲ್ಲ. ಆರಾರು ಇಂಚು, ಬೆಣ್ಣೆಯಂತೆ ಹತ್ತಿದೆ. ಹತ್ತನೆಯದರ ಮೇಲೆ ನಿಂತು ಓಣಿಯನ್ನು ನೋಡಿದೆ. ಎದುರು ಮನೆಯವರ ಮಾಳಿಗೆಯ ಮೇಲೆ ಏನೇನು ಒಣಗಿದೆ ಎಂದು ಕಂಡಿತು. ಹದಿಮೂರು, ಲಾಭ. ಕಾಲೆತ್ತಿದೆ, ಕಾಲು ಕಲ್ಲಿಗೆ ಬಡಿಯಿತು. ಎದುರಿಗಿದ್ದದ್ದು ಪಾವಟಿಗೆಯಲ್ಲ, ಜಗಲಿ. ಒಂದೂಕಾಲು ಫೂಟು. ಅದರ ಮೇಲೆ ಇನ್ನೊಂದು, ಅದೂ ಒಂದೂಕಾಲು ಫೂಟು. ಅದಾದ ಮೇಲೆ ನನ್ನ ಬಾಗಿಲು.

ಕೆಳಗೆ ಕಮಳಾಬಾಯಿ ಹಾನಿಗೆ ಬಾಯಿ ತೆರೆದವರು ಹಾಗೇ ಉಳಿದರು.

"ಅವ್ವಾ, ಇಳದು ಬಾ," ಎಂದ ಧನರಾಜ, ಮೆತ್ತಗೆ. ಅವನ ದನಿಯಲ್ಲಿ ಗೆದ್ದ ಸಂತೋಷ ಇದ್ದಿದ್ದರೆ ನಾನು ಸಿಟ್ಟಿನಿಂದಲಾದರೂ ಕಾಲೆತ್ತುತ್ತಿದ್ದೆ. ಇರಲಿಲ್ಲ, ಕಾಳಜಿ ಇತ್ತು. ಕಾಳಜಿಯನ್ನು ಎದುರಿಸುವ ವಿದ್ಯೆ ನನಗೆ ಬರುವುದಿಲ್ಲ. ಇಳಿದರೆ ಖೋಲಿ ಹೋಯಿತು. ಹತ್ತೋಣವೆಂದರೆ ಮಂಡಿ ಮೇಲಕ್ಕೆ ಮಡಚಲೇ ಒಲ್ಲದು.

ಹಿಂದಿರುಗಿ ನಿಂತೆ, ಕೆಳಗಿರುವ ಎಲ್ಲರಿಗೂ ಮುಖ ಮಾಡಿ. ಸೀರೆ ಸಾವರಿಸಿಕೊಂಡು ಆ ಹದಿನಾಲ್ಕನೆಯದರ ಮೇಲೆ ಕುರ್ಚಿಯ ಮೇಲೆ ಕೂತಂತೆ ಕೂತೆ. ಸರಿಯಾಗಿ ಕುರ್ಚಿಯ ಎತ್ತರವೇ ಇತ್ತು. ಆಮೇಲೆ ಎರಡೂ ಕೈ ಹಿಂದೆ ಊರಿ, ಸಂತೆಯಲ್ಲಿ ಎತ್ತಿನ ಗಾಡಿ ಹತ್ತಿದ ಹಾಗೆ, ಕೂತ ಭಾಗವನ್ನೇ ಎತ್ತಿ ಹದಿನೈದನೆಯದರ ಮೇಲೆ ಇಟ್ಟೆ. ಅಲ್ಲಿಂದ ಇನ್ನೊಂದು ಸಲ ಹಿಂದೆ ಸರಿದರೆ ಹೊಸ್ತಿಲು. ದಾಟಿದೆ. ನಮ್ಮ ಮನೆತನದಲ್ಲಿ ಹೀಗೆ ಗೃಹಪ್ರವೇಶ ಮಾಡಿದವರು ಹಿಂದೆ ಇಲ್ಲ.

"ಬಲಗಾಲು ಮೊದಲು ಬಂತೋ, ಎಡಗಾಲೋ?" ಎಂದರು ಕಮಳಾಬಾಯಿ, ಗಾಬರಿಯಿಂದ.

"ಎರಡೂ ಹಿಂದ ಬಂದಾವ್ರಿ. ಮೊದಲು ಬಂದದ್ದು ಏನಂತ ಎಲ್ಲಾರ ಮುಂದ ಹ್ಯಾಂಗ ಹೇಳಲಿ."

ಸವಿತಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಧನರಾಜ ಮಾತ್ರ ನಗಲಿಲ್ಲ. ಗೌಂಡಿಯ ಕಡೆ ತಿರುಗಿದ. "ಇಸ್ಮಾಯಿಲ್ ಭಾಯಿ, ಇದೇನ್ ಮಾಡೀರಿ? ಏಳಿಂಚಿನ ಲೆಕ್ಕ ಬರದು ಕೊಟ್ಟಿದ್ದಿಲ್ಲೇನು?"

ಇಸ್ಮಾಯಿಲ್ ಭಾಯಿ ಹೊಸ ಅಂಗಿಯ ಜೇಬಿನಿಂದ ಕಾಗದದ ಚೂರು ತೆಗೆದ. ಅವನ ಮುಖದಲ್ಲಿ ತಪ್ಪು ಮಾಡಿದವನ ಭಾವ ಇರಲಿಲ್ಲ. ಬದಲಿಗೆ ಕಷ್ಟದ ಕೆಲಸವನ್ನು ಯಾರಿಗೂ ನೋವಾಗದಂತೆ ಮುಗಿಸಿದವನ ತೃಪ್ತಿ ಇತ್ತು.

"ಸರ್, ನೀವು ಹದಿನೈದರ ಮ್ಯಾಲ ಒಂದೂ ಬ್ಯಾಡ ಅಂದ್ರಿ. ಅಮ್ಮ ಆರಿಂಚ ಮಾಡು, ಯಾರಿಗೂ ಹೇಳಬ್ಯಾಡ ಅಂದ್ರು. ಮಾಡಿನ್ರಿ. ಸಿಸ್ಟರ್ ಅವರೂ ಬಂದು, ನಮ್ಮ ಅತ್ತಿ ಮಂಡಿ ಪಾಡಿಲ್ಲ, ಅವರು ಬಾಯಿ ಬಿಡಲ್ಲ, ಆರಿಂಚ ಮಾಡು, ಅವರಿಗಿ ತಿಳೀಬಾರದು ಅಂದ್ರು. ಅದಕ್ಕೂ ಹೂಂ ಅಂದಿನ್ರಿ. ಆರಾರು ಮಾಡಿದ್ರ ಹದಿನೆಂಟು ಆಗ್ತಾವ್ರಿ. ಭಾಲ್ಕಿ ಅಮ್ಮೋರು ಮೊದಲs ಬಂದು, ಏನರೆ ಮಾಡು, ಸಮ ಮಾತ್ರ ಬರಬಾರದು ಅಂತ ಕೈ ಮುಗದು ಹೋಗಿದ್ರು. ಹದಿಮೂರು ಆರಾರು ಇಂಚು ಕಟ್ಟಿ, ಉಳಿದ ಎತ್ತರಕ್ಕ ಎರಡು ಮಾಡಿನ್ರಿ. ಒಟ್ಟ ಹದಿನೈದು. ಎಲ್ಲಾರ ಮಾತೂ ಇಟ್ಟೀನಿ ಸರ್, ಒಂದೂ ಬಿಟ್ಟಿಲ್ಲ."

ಅಂಗಳದಲ್ಲಿ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡದೆ ನಿಲ್ಲುವುದು ಸುಲಭವಲ್ಲ. ನೆಲ, ಗೋಡೆ, ತೆಂಗಿನಕಾಯಿಯ ಹೋಳು, ಹೀಗೆ ಒಬ್ಬೊಬ್ಬರು ಒಂದೊಂದನ್ನು ಹಂಚಿಕೊಂಡು ನೋಡಿದರು. ಮೇಲೆ ಕೂತ ನನಗೆ ಎಲ್ಲರ ನೆತ್ತಿಯೂ ಕಾಣುತ್ತಿತ್ತು. ಅತಿಯಾದ ಮರ್ಯಾದೆಯ ಮನೆಯಲ್ಲಿ ಸತ್ಯವೆಂಬುದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ, ಗೌಂಡಿಯ ಕಿವಿಗೆ ಹೋಗುತ್ತದೆ. ಅವನು ಅದನ್ನು ಕಲ್ಲಿನಲ್ಲಿ ಕಟ್ಟಿ ಅಂಗಳದಲ್ಲಿ ನಿಲ್ಲಿಸುತ್ತಾನೆ, ಓಣಿಯವರೆಲ್ಲ ನೋಡಲಿ ಎಂದು. ಒಂದೇ ನೋವಿಗೆ ನಾನೂ ಸೊಸೆಯೂ ಬೇರೆ ಬೇರೆ ದಿನ ಹೋಗಿ ಒಂದೇ ಇಂಚನ್ನು ಒಂದೇ ದನಿಯಲ್ಲಿ ಬೇಡಿಕೊಂಡು ಬಂದಿದ್ದೆವು. ಇಬ್ಬರೂ ಒಂದೇ ಅಡಿಗೆಮನೆಯಲ್ಲಿ ದಿನಾಲು ರೊಟ್ಟಿ ತಟ್ಟುವವರು.

ಇನ್ನು ಇಳಿಯುವುದು ಬಾಕಿ ಇತ್ತು. ಹತ್ತಿ ಇಳಿದು ತೋರಿಸಬೇಕೆಂಬುದು ಷರತ್ತು. ಒಂದೂಕಾಲು ಫೂಟು ಹತ್ತುವುದಕ್ಕಿಂತ ಇಳಿಯುವುದು ಕಠಿಣವೆಂಬುದನ್ನು, ನಂಬಿ, ಹೊಸ್ತಿಲ ಮೇಲೆ ಕೂತು ಕೆಳಗೆ ನೋಡಿದವರೇ ಬಲ್ಲರು. ಪ್ರಯತ್ನ ಮಾಡಬಹುದಿತ್ತು. ನನ್ನ ಸೊಕ್ಕು ಹೂಂ ಎನ್ನುತ್ತಿತ್ತು. ಆದರೆ ಸೊಂಟ ಮುರಿದುಕೊಂಡ ಮುದುಕಿಗೆ ಸಿಗುವ ಹಾಸಿಗೆ ಹಾಲಿನ ನಟ್ಟನಡುವೆ ಇರುತ್ತದೆ ಎಂಬ ವಿವೇಕ ಇನ್ನೂ ಉಳಿದಿತ್ತು. ಅದಕ್ಕೆ ಕೂತಲ್ಲಿಂದಲೇ ಹೇಳಿದೆ, ಓಣಿಗೆ ಕೇಳುವಷ್ಟು ಜೋರಾಗಿ:

"ನನ್ನ ಮಂಡಿ ನೋಯ್ಲಕತ್ತಾವ. ಎರಡು ವರ್ಷ ಆಯ್ತು. ಇಳೀಲಿಕ್ಕ ಆಗಲ್ಲ."

ಎತ್ತರದಲ್ಲಿ ಕೂತು ಹೇಳಿದರೆ ಸೋಲೂ ಭಾಷಣದಂತೆ ಕೇಳುತ್ತದೆ.

"ನನಗ ಗೊತ್ತಿತ್ರಿ ಅತ್ತಿ," ಎಂದಳು ಸವಿತಾ.

"ಗೊತ್ತಿದ್ರ ಯಾಕ ಹೇಳಲಿಲ್ಲ?"

"ನೀವ್ಯಾಕ ಹೇಳಲಿಲ್ರಿ?"

ನಾನು ತಂಬಾಕಿನ ಡಬ್ಬಿ ತೆಗೆದೆ, ಮಗನ ಎದುರಿಗೇ. ಆ ದಿನ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಧನರಾಜ ಡಬ್ಬಿಯನ್ನು ನೋಡಿದ, ಪಾವಟಿಗೆಯನ್ನು ನೋಡಿದ, ತನ್ನ ಪ್ರಮೇಯಕ್ಕೆ ಬಂದ.

"ಅಂದ್ರ ಷರತ್ತು ನೀ ಸೋತಿ ಅವ್ವಾ."

"ಸೋತಿನಪ್ಪಾ."

"ಮತ್ತ ಖೋಲಿ?"

"ಕೊಡು, ನಿನ್ನ ಮಾಸ್ತರಿಗಿ ಕೊಡು. ಮೊದಲು ನನ್ನ ಇಳಸು."

ಅವನು ಎರಡು ಮೆಟ್ಟಿಲು ಹತ್ತಿ ನಿಂತ. ನನ್ನನ್ನು ಎತ್ತಿ ಇಳಿಸಬಹುದೇ ಎಂದು ಅಳೆದ. ನನ್ನ ಗಾತ್ರ ನೋಡಿ ಕಮಳಾಬಾಯಿ ಅಡ್ಡ ಬಂದರು, ಅಳಿಯನ ಬೆನ್ನು ಹೋದರೆ ಅವರ ಮಗಳು ಏನು ಮಾಡಬೇಕು. ಇಸ್ಮಾಯಿಲ್ ಭಾಯಿ ಏಣಿ ತರಲೇ ಎಂದ, ಏಣಿ ನಾನು ಒಲ್ಲೆ. ಅಷ್ಟರಲ್ಲಿ ಸವಿತಾ, ದವಾಖಾನೆಯಲ್ಲಿ ಡಾಕ್ಟರುಗಳು ಗೊಂದಲದಲ್ಲಿದ್ದಾಗ ಆಡುವಂಥ ದನಿಯಲ್ಲಿ, ಗೌಂಡಿಗೆ ಎಲ್ಲರ ಎದುರು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಸ್ಕೂಟರ್ ಓಣ್ಯಾಗ ನಿಲ್ಲಲಿ. ಮೂಲಿ ತಿರುಗಿಸ್ರಿ. ಹದಿನೆಂಟು ಮಾಡ್ರಿ, ಆರಿಂಚು."

"ಸಮ ಆಗ್ತದವ್ವಾ," ಎಂದರು ಅವಳ ತಾಯಿ.

"ಆಗಲಿ."

ಇಸ್ಮಾಯಿಲ್ ಭಾಯಿ ಪೆನ್ಸಿಲ್ ತೆಗೆದವನು ಗೀಟು ಎಳೆಯದೆ ಧನರಾಜನ ಕಡೆ ನೋಡಿದ, ಕಮಳಾಬಾಯಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ಯಾರೂ ಅವನ ಕಿವಿಯ ಹತ್ತಿರ ಬರಲಿಲ್ಲ. ಅಂಥ ಮನೆ ಅವನು ಕಂಡಿರಲಿಕ್ಕಿಲ್ಲ.

ಕೆಲಸಕ್ಕೆ ಐದು ದಿನ ಹಿಡಿಯಿತು. ಕೆಳಗೆ ಕಂಪೌಂಡಿಗೆ ಹತ್ತಿ ಐದು ಹೊಸ ಪಾವಟಿಗೆ, ಮೂಲೆ ತಿರುಗಿದ ಮೇಲೆ ಹಳೆಯ ಹದಿಮೂರರ ಮೇಲೆ ಮತ್ತೆ ಕಲ್ಲು ಕಟ್ಟಿ ಎತ್ತರಿಸಿದ್ದು. ಆ ಎರಡು ಜಗಲಿಗಳಿದ್ದ ಜಾಗ ಬಾಗಿಲ ಮುಂದೆ ಸಮತಟ್ಟಾದ ಕಟ್ಟೆಯಾಯಿತು. ಕಮಳಾಬಾಯಿ ಆ ಕಟ್ಟೆಯನ್ನೂ ಒಂದು ಎಂದು ಹಿಡಿದು ಹತ್ತೊಂಬತ್ತು ಎಣಿಸಿ, ಲಾಭಕ್ಕೆ ತಂದು ನಿಲ್ಲಿಸಿ, ನೆಮ್ಮದಿಯಿಂದ ಭಾಲ್ಕಿಯ ಬಸ್ಸು ಹತ್ತಿದರು. ನನ್ನ ಮಂಡಿಗಿಂತ ಅವರ ಶಾಸ್ತ್ರ ಚೆನ್ನಾಗಿ ಬಾಗುತ್ತದೆ.

ಈ ಐದು ದಿನ ನಾನು ಎಲ್ಲಿದ್ದೆ ಎಂದು ಕೇಳುತ್ತೀರಿ. ಮೇಲೇ ಇದ್ದೆ. ಇಳಿಯಲು ಪಾವಟಿಗೆ ಎಲ್ಲಿತ್ತು? ಗಾದಿ, ಹೊದಿಕೆ, ಕೌದಿ, ಒಂದು ಸಣ್ಣ ಹೊರಸು, ಎಲ್ಲವನ್ನೂ ಗೌಂಡಿಯ ಆಳುಗಳು ಹೊತ್ತು ತಂದರು. ಸವಿತಾ ಕಿಟಕಿಯ ಕೆಳಗೆ ನಿಂತು ಬಕೀಟಿನಲ್ಲಿ ಡಬ್ಬಿ ಇಡುತ್ತಿದ್ದಳು, ನಾನು ಹಗ್ಗ ಎಳೆಯುತ್ತಿದ್ದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ನೆಂಚಿಕೊಳ್ಳಲು ಕರಿಂಡಿ. ಹೊಸ ಮಾಸ್ತರರು ಒಂದು ಸಂಜೆ ಖೋಲಿ ನೋಡಲು ಬಂದು, ಕಿಟಕಿಯಲ್ಲಿ ಹಗ್ಗ ಹಿಡಿದು ಕೂತ ನನ್ನನ್ನು ನೋಡಿ, ಧನರಾಜನ ಹತ್ತಿರ ಏನೋ ಮಾತಾಡಿ ಹೋದರು. ಅವರು ಈಗ ನೌಬಾದದಲ್ಲಿ ಮನೆ ಹಿಡಿದಿದ್ದಾರೆಂದು ಕೇಳಿದ್ದೇನೆ.

ಆರನೆಯ ದಿನ ಮುಂಜಾನೆ ಗೋಣಿಚೀಲ ತೆಗೆದರು. ಎಲ್ಲರೂ ಕೆಳಗೆ ನಿಂತಿದ್ದರು.

"ಅವ್ವಾ, ಆಯ್ತು. ಈಗರೆ ಇಳದು ತೋರಸು," ಎಂದ ಧನರಾಜ.

ಕಟ್ಟೆಗೆ ಬಂದು ನೋಡಿದೆ. ಹದಿನೆಂಟೂ ಒಂದೇ ಎತ್ತರಕ್ಕೆ, ತೊಳೆದು ಇಟ್ಟಂತೆ, ಮೂಲೆ ತಿರುಗಿ ಓಣಿಗೆ ಇಳಿದಿದ್ದವು. ಇಳಿಯಬಹುದಿತ್ತು. ಮಂಡಿಯೂ ಹೂಂ ಎಂದಿತು.

"ಇವತ್ತು ಕೆಲಸ ಅದಪ್ಪಾ. ನಾಳಿ ನೋಡೋಣು," ಎಂದು ಒಳಗೆ ಹೋಗಿ ಬಾಗಿಲಿಗೆ ಅಗಳಿ ಹಾಕಿಕೊಂಡೆ.